ಬಟಿಸ್ಟುಟಾ ಮತ್ತು ಮೂರು ಜೂನ್ 21

(ಬೆಂಗಳೂರಿನ ಒಂದು ಫುಟ್‌ಬಾಲ್ ಮೈದಾನದ ಪಕ್ಕದ ಹಾಲ್‌ನಲ್ಲಿ, ಆಟ ಕಲಿಯುತ್ತಿರುವ ಹುಡುಗ ಹುಡುಗಿಯರ ಎದುರು ಆಡಿದ ಮಾತುಗಳ ಬರಹ ರೂಪ. ಹೇಳಿದ್ದನ್ನೇ ಹೇಳಿದ ಕಡೆ ಕತ್ತರಿಸಿದ್ದೇನೆ, ಸಮಯ ಸಾಲದೆ ಬಿಟ್ಟದ್ದನ್ನು ಸೇರಿಸಿದ್ದೇನೆ.)

ಎಲ್ಲರಿಗೂ ನಮಸ್ಕಾರ.

ಒಂದು ತಾರೀಕಿನಿಂದ ಶುರು ಮಾಡುತ್ತೇನೆ. 1994ರ ಜೂನ್ 21. ಅಮೆರಿಕದಲ್ಲಿ ವಿಶ್ವಕಪ್. ಬಾಸ್ಟನ್ ಹತ್ತಿರದ ಫಾಕ್ಸ್‌ಬರೊದಲ್ಲಿ ನಡು ಮಧ್ಯಾಹ್ನದ ಬಿಸಿಲು, ನಮ್ಮಲ್ಲಿ ರಾತ್ರಿ ಹತ್ತು ಗಂಟೆ. ನಮ್ಮ ಬೀದಿಯಲ್ಲಿ ಕಲರ್ ಟಿವಿ ಇದ್ದವರ ಮನೆಯ ನಡುಮನೆಯಲ್ಲಿ ಚಾಪೆ ಹಾಸಿಕೊಂಡು ಹದಿನೈದು ಜನ ಕೂತಿದ್ದೆವು. ಆ ಮನೆಯ ಅಜ್ಜಿ ಒಳಗಿನಿಂದ ಎರಡು ಸಲ "ಸದ್ದು ಕಮ್ಮಿ ಮಾಡ್ರೋ" ಅಂದಿದ್ದರು. ನಾವೆಲ್ಲ ಬಂದದ್ದು ಮರಡೋನಾನನ್ನು ನೋಡಲಿಕ್ಕೆ. ಅವನು ನಿರಾಸೆ ಮಾಡಲಿಲ್ಲ. ಅರವತ್ತನೇ ನಿಮಿಷದಲ್ಲಿ ಎಡಗಾಲಲ್ಲಿ ಒಂದು ಗೋಲು ಹೊಡೆದು, ಮೈದಾನದ ಅಂಚಿನ ಕ್ಯಾಮೆರಾ ಹತ್ತಿರ ಓಡಿಬಂದು, ಕಣ್ಣು ಕೆಕ್ಕರಿಸಿ ಕೂಗಿದ. ಆ ಮುಖ ನಿಮ್ಮಲ್ಲೂ ಅನೇಕರು ಯೂಟ್ಯೂಬ್‌ನಲ್ಲಿ ನೋಡಿರುತ್ತೀರಿ. ವಿಶ್ವಕಪ್‌ನಲ್ಲಿ ಅವನ ಕೊನೆಯ ಗೋಲು ಅದು. ಮುಂದಿನ ಪಂದ್ಯದ ನಂತರದ ಮದ್ದಿನ ಪರೀಕ್ಷೆಯಲ್ಲಿ ಸಿಕ್ಕಿಬಿದ್ದು ಮನೆಗೆ ಹೋದ.

ಈಗ ಒಂದು ಪ್ರಶ್ನೆ. ಗ್ರೀಸ್ ವಿರುದ್ಧದ ಆ ಪಂದ್ಯವನ್ನು ಅರ್ಜೆಂಟೀನಾ 4-0ಯಿಂದ ಗೆದ್ದಿತು. ಉಳಿದ ಮೂರು ಗೋಲು ಯಾರದು?

ಮೂರೂ ಒಬ್ಬನದೇ. ಎರಡನೇ ನಿಮಿಷದಲ್ಲಿ ಒಂದು, ವಿರಾಮಕ್ಕೆ ಒಂದು ನಿಮಿಷ ಮುಂಚೆ ಇನ್ನೊಂದು, ಕೊನೆಯ ನಿಮಿಷದಲ್ಲಿ ಪೆನಾಲ್ಟಿ. ಉದ್ದ ಕೂದಲಿನ, ಎತ್ತರದ, ಅಗಲ ಹೆಗಲಿನ ಆಳು. ಗೇಬ್ರಿಯಲ್ ಬಟಿಸ್ಟುಟಾ. ಅವನ ಮೊದಲ ವಿಶ್ವಕಪ್‌ನ ಮೊದಲ ಪಂದ್ಯದಲ್ಲೇ ಹ್ಯಾಟ್ರಿಕ್. ಆದರೆ ಆ ರಾತ್ರಿ ಮನೆಗೆ ಹೋಗುವಾಗ ದಾರಿಯುದ್ದಕ್ಕೂ ನಾವು ಮಾತಾಡಿದ್ದು ಮರಡೋನಾನ ಮುಖದ ಬಗ್ಗೆ.

ಸರಿಯಾಗಿ ನಾಲ್ಕು ವರ್ಷದ ಮೇಲೆ, 1998ರ ಜೂನ್ 21. ಪ್ಯಾರಿಸ್. ಎದುರಾಳಿ ಜಮೈಕಾ. ಓರ್ಟೆಗಾ ಎರಡು ಗೋಲು ಹೊಡೆದು ಪಂದ್ಯವನ್ನು ಆಗಲೇ ಮುಗಿಸಿದ್ದ. 73ನೇ ನಿಮಿಷದಿಂದ 83ರವರೆಗೆ, ಹತ್ತು ನಿಮಿಷದ ಅಂತರದಲ್ಲಿ, ಬಟಿಸ್ಟುಟಾ ಮತ್ತೆ ಮೂರು ಹೊಡೆದ. ಒಂದೇ ವಿಶ್ವಕಪ್‌ನಲ್ಲಿ ಎರಡು ಹ್ಯಾಟ್ರಿಕ್ ಹೊಡೆದವರಿದ್ದಾರೆ: ಹಂಗೇರಿಯ ಕೋಚಿಷ್, ಫ್ರಾನ್ಸಿನ ಫಾಂಟೇನ್, ಜರ್ಮನಿಯ ಗೆರ್ಡ್ ಮುಲ್ಲರ್. ಎರಡು ಬೇರೆ ಬೇರೆ ವಿಶ್ವಕಪ್‌ಗಳಲ್ಲಿ ಹೊಡೆದವನು, 2022ರ ಟೂರ್ನಿ ಮುಗಿಯುವವರೆಗೂ, ಇವನೊಬ್ಬನೇ. ಪೆಲೆ ಇಲ್ಲ, ರೊನಾಲ್ಡೋಗಳಿಬ್ಬರೂ ಇಲ್ಲ, ಮೆಸ್ಸಿ ಇಲ್ಲ.

ಮೂರನೇ ಜೂನ್ 21 ಕೂಡ ಒಂದಿದೆ. ಅದಕ್ಕೆ ಆಮೇಲೆ ಬರುತ್ತೇನೆ.

ಹುಟ್ಟಿದ್ದು 1969ರ ಫೆಬ್ರವರಿ 1ರಂದು, ಅರ್ಜೆಂಟೀನಾದ ಸಾಂಟಾ ಫೆ ಪ್ರಾಂತ್ಯದ ಅವೆಜಾನೆಡಾದಲ್ಲಿ. ಬೆಳೆದದ್ದು ಅಲ್ಲೇ ಪಕ್ಕದ ರೆಕಾನ್‌ಕ್ವಿಸ್ಟಾದಲ್ಲಿ. ರಾಜಧಾನಿ ಬ್ಯೂನಸ್ ಐರಿಸ್‌ನಿಂದ ಬಹಳ ದೂರದ, ಉತ್ತರದ ಸೆಕೆ ಊರು. ತಂದೆಗೆ ಕಸಾಯಿಖಾನೆಯಲ್ಲಿ ಕೆಲಸ, ತಾಯಿಗೆ ಶಾಲೆಯ ಕಚೇರಿಯಲ್ಲಿ. ಹುಡುಗ ಎತ್ತರವಿದ್ದ, ಬ್ಯಾಸ್ಕೆಟ್‌ಬಾಲ್ ಇಷ್ಟ. 1978ರಲ್ಲಿ ಅರ್ಜೆಂಟೀನಾ ತನ್ನ ನೆಲದಲ್ಲೇ ವಿಶ್ವಕಪ್ ಗೆದ್ದಾಗ ಕೆಂಪೆಸ್‌ನ ಆಟ ನೋಡಿ ಫುಟ್‌ಬಾಲಿನ ಕಡೆ ಮನಸ್ಸು ತಿರುಗಿತು. ಆದರೂ ವೃತ್ತಿ ಮಾಡಿಕೊಳ್ಳುವ ಯೋಚನೆ ಇರಲಿಲ್ಲ. ಊರಿನ ತಂಡಕ್ಕೆ ಆಡುವಾಗ ರೊಸಾರಿಯೊದ ನ್ಯೂವೆಲ್ಸ್ ಓಲ್ಡ್ ಬಾಯ್ಸ್ ಕ್ಲಬ್‌ನವರ ಕಣ್ಣಿಗೆ ಬಿದ್ದ. ಹೋಗುವುದೋ ಬೇಡವೋ ಅಂತ ತೂಗಾಡಿ ಕೊನೆಗೆ ಹೋದ.

ಇಲ್ಲಿ ಸ್ವಲ್ಪ ನಿಲ್ಲುತ್ತೇನೆ. ನಿಮ್ಮ ವಯಸ್ಸಿನವರು ಕೇಳಬೇಕಾದ್ದು ಇದು.

ರೊಸಾರಿಯೊದಲ್ಲಿ ಅವನಿಗೆ ಸಿಕ್ಕ ಕೋಚ್ ಮಾರ್ಸೆಲೊ ಬಿಯೆಲ್ಸಾ. ಆಗ ಅವರೂ ಚಿಕ್ಕವರು, ಕ್ಲಬ್ಬಿನ ಎಳೆಯರ ತಂಡ ನೋಡಿಕೊಳ್ಳುತ್ತಿದ್ದರು. ಹುಡುಗನಿಗೆ ಕ್ರೀಡಾಂಗಣದಲ್ಲೇ ಒಂದು ರೂಮು. ಮನೆ ದೂರ, ಇಷ್ಟಪಟ್ಟ ಹುಡುಗಿ ದೂರ, ಕೈಯಲ್ಲಿ ಕಾಸಿಲ್ಲ. ಜೊತೆಗೆ ಮೈಯಲ್ಲಿ ಬೊಜ್ಜು. ಅಲ್ಲಿನವರು ಅವನನ್ನು 'ಗೋರ್ಡೊ' ಅಂತ ಕರೆಯುತ್ತಿದ್ದರು, ಅಂದರೆ ಡುಮ್ಮ. ಅಲ್ಫಾಹೋರ್ ಅಂತ ಅಲ್ಲಿ ಒಂದು ಸಿಹಿ ತಿಂಡಿ: ಎರಡು ಮೆತ್ತನೆಯ ಬಿಸ್ಕತ್ತಿನ ನಡುವೆ ಹಾಲು ಸಕ್ಕರೆ ಬತ್ತಿಸಿದ ಪಾಕ. ಅದೆಂದರೆ ಅವನಿಗೆ ಪ್ರಾಣ. ಬಿಯೆಲ್ಸಾ ಮೊದಲು ಅದನ್ನು ಬಿಡಿಸಿದರು. ಮಳೆ ಬಂದರೆ ಅಭ್ಯಾಸ ಇಲ್ಲ ಅಂದುಕೊಂಡಿದ್ದ ಹುಡುಗನನ್ನು ಮಳೆಯಲ್ಲೇ ಓಡಿಸಿದರು. ಬೆವರಲಿ ಅಂತ ಮೈಗೆ ಪ್ಲಾಸ್ಟಿಕ್ ಚೀಲ ಸುತ್ತಿಸಿ ಓಡಿಸಿದ ಕತೆಯೂ ಇದೆ. ಇವತ್ತು ಯಾವ ಫಿಟ್ನೆಸ್ ಟ್ರೈನರ್ ಕೂಡ ಆ ಚೀಲದ ಉಪಾಯ ಒಪ್ಪುವುದಿಲ್ಲ, ನೀವೂ ಮಾಡಬೇಡಿ. ಆದರೆ ಫುಟ್‌ಬಾಲ್ ಒಂದು ಕೆಲಸ, ಕೆಲಸಕ್ಕೆ ಮಳೆ ಬಿಸಿಲು ಇಲ್ಲ ಎನ್ನುವುದನ್ನು ಅವನು ಕಲಿತದ್ದು ಅಲ್ಲಿ.

ಬಟಿಸ್ಟುಟಾ ಒಂದಲ್ಲ ಹಲವು ಸಲ ಹೇಳಿಕೊಂಡಿದ್ದಾನೆ: ತನಗೆ ಫುಟ್‌ಬಾಲ್ ಹುಚ್ಚಿಲ್ಲ, ಅದು ತನ್ನ ಕೆಲಸ ಅಂತ. ಮೊದಲ ಸಲ ಓದಿದಾಗ ನನಗೆ ಬಹಳ ಬೇಸರವಾಯಿತು. ಇಷ್ಟೊಂದು ಗೋಲು ಹೊಡೆದವನಿಗೆ ಆಟ ಇಷ್ಟವಿಲ್ಲವೇ? ಆಮೇಲೆ ನಿಧಾನವಾಗಿ ಅರ್ಥವಾಯಿತು. ನಮ್ಮ ಭಾಷೆಯಲ್ಲಿ ಕೆಲಸಕ್ಕೆ ಕಾಯಕ ಅನ್ನುತ್ತೇವೆ. ಕಾಯ ಅಂದರೆ ಮೈ. ಮೈ ಸವೆಸಿ ಮಾಡುವುದು ಕಾಯಕ. ಬಟಿಸ್ಟುಟಾನ ಗೋಲುಗಳ ಕತೆ ನನಗೆ ಹೀಗೆ ಕಾಣುತ್ತದೆ, ಅವನ ಮೈಯ ಕತೆಯಾಗಿ. ಇವತ್ತು ಹೇಳಬೇಕು ಅಂತ ಬಂದಿರುವುದೂ ಅದನ್ನೇ.

ನ್ಯೂವೆಲ್ಸ್ ಆದ ಮೇಲೆ ರಿವರ್ ಪ್ಲೇಟ್. ಅಲ್ಲಿ ನಡುವೆ ಪಸಾರೆಲ್ಲಾ ಕೋಚ್ ಆಗಿ ಬಂದರು, ಇವನ ಜಾಗ ಹೋಯಿತು. 1990ರಲ್ಲಿ ಹೋದದ್ದು ರಿವರ್‌ನ ಬದ್ಧ ವೈರಿ ಬೋಕಾ ಜೂನಿಯರ್ಸ್‌ಗೆ. ಅಲ್ಲೂ ಮೊದಮೊದಲು ಅಷ್ಟಕ್ಕಷ್ಟೆ. ಉರುಗ್ವೆಯ ತಬಾರೆಜ್ ಕೋಚ್ ಆಗಿ ಬಂದು, ಅಂಚಿನಲ್ಲಿ ಓಡುತ್ತಿದ್ದವನನ್ನು ನಡುವಿಗೆ ತಂದು ಗೋಲಿನ ಎದುರು ನಿಲ್ಲಿಸಿದರು. ಅಷ್ಟೇ ಬೇಕಾಗಿತ್ತು. 1991ರ ಮೊದಲರ್ಧದ ಲೀಗ್‌ನಲ್ಲಿ ಬೋಕಾ ಒಂದೂ ಪಂದ್ಯ ಸೋಲಲಿಲ್ಲ.

ಆ ವರ್ಷ ಲೀಗಿನ ಎರಡು ಅರ್ಧಗಳ ವಿಜೇತರು ಫೈನಲ್ ಆಡಬೇಕಿತ್ತು. ಜುಲೈ ತಿಂಗಳು. ಅದೇ ಹೊತ್ತಿಗೆ ಚಿಲಿಯಲ್ಲಿ ಕೋಪಾ ಅಮೆರಿಕ, ಅಂದರೆ ದಕ್ಷಿಣ ಅಮೆರಿಕದ ದೇಶಗಳ ಟೂರ್ನಿ. ಬಟಿಸ್ಟುಟಾನನ್ನು ರಾಷ್ಟ್ರೀಯ ತಂಡ ಕರೆದುಕೊಂಡು ಹೋಯಿತು. ಅವನಿಲ್ಲದ ಬೋಕಾ ಪೆನಾಲ್ಟಿ ಶೂಟೌಟ್‌ನಲ್ಲಿ ಸೋತಿತು. ಗೆದ್ದದ್ದು ನ್ಯೂವೆಲ್ಸ್, ಅದರ ಕೋಚ್ ಬಿಯೆಲ್ಸಾ. ಕಲಿಸಿದ ಗುರು ಕಪ್ಪು ಎತ್ತಿದರು, ಶಿಷ್ಯ ಬೇರೆ ದೇಶದಲ್ಲಿದ್ದ. ಚಿಲಿಯಲ್ಲಿ ಶಿಷ್ಯ ಆರು ಗೋಲು ಹೊಡೆದು ಟೂರ್ನಿಯ ಅತಿ ಹೆಚ್ಚು ಗೋಲಿನ ಆಟಗಾರನಾದ, ಅರ್ಜೆಂಟೀನಾ ಕೋಪಾ ಗೆದ್ದಿತು. ಅದನ್ನು ನೋಡಿದ ಇಟಲಿಯ ಫಿಯೊರೆಂಟಿನಾ ಕ್ಲಬ್ ಅವನನ್ನು ಕೊಂಡುಕೊಂಡಿತು.

ಫ್ಲಾರೆನ್ಸ್. ನೇರಳೆ ಜೆರ್ಸಿ. ಒಂಬತ್ತು ವರ್ಷ.

ಎರಡನೇ ವರ್ಷದ ಕತೆ ಹೇಳುತ್ತೇನೆ. 1992-93. ಫಿಯೊರೆಂಟಿನಾದಲ್ಲಿ ಆಗ ಡೆನ್ಮಾರ್ಕಿನ ಬ್ರಿಯನ್ ಲೌಡ್ರುಪ್, ಜರ್ಮನಿಯ ಎಫೆನ್‌ಬರ್ಗ್ ಇದ್ದರು. ಒಳ್ಳೆಯ ತಂಡ, ಪಟ್ಟಿಯ ಮೇಲ್ಭಾಗದಲ್ಲೇ ಇತ್ತು. ಜನವರಿಯಲ್ಲಿ ಕೋಚ್ ರಾದಿಚೆಯನ್ನು ಕ್ಲಬ್ ತೆಗೆದುಹಾಕಿತು. ಅಲ್ಲಿಂದ ಇಳಿಜಾರು. ಋತು ಮುಗಿಯುವಾಗ ಫಿಯೊರೆಂಟಿನಾ ಎರಡನೇ ದರ್ಜೆಗೆ, ಸೀರಿ ಬಿಗೆ ಇಳಿದಿತ್ತು. ಬಟಿಸ್ಟುಟಾ ತನ್ನ ಪಾಲಿನ 16 ಗೋಲು ಹೊಡೆದಿದ್ದ.

ಅದು ಜೂನ್. ಮುಂದಿನ ತಿಂಗಳು, ಜುಲೈ 4ರಂದು, ಈಕ್ವೆಡಾರಿನ ಗ್ವಾಯಾಕಿಲ್‌ನಲ್ಲಿ ಕೋಪಾ ಅಮೆರಿಕ ಫೈನಲ್. ಅರ್ಜೆಂಟೀನಾ 2, ಮೆಕ್ಸಿಕೊ 1. ಎರಡೂ ಬಟಿಸ್ಟುಟಾನವು. ಆ ಎರಡು ಗೋಲುಗಳಿಗೆ ಒಂದು ವಿಚಿತ್ರ ಆಯುಸ್ಸು ಇತ್ತು. ಅರ್ಜೆಂಟೀನಾದ ಹಿರಿಯರ ತಂಡ ಮತ್ತೊಂದು ದೊಡ್ಡ ಕಪ್ ಗೆದ್ದದ್ದು 2021ರಲ್ಲಿ, ಮರಕಾನಾದಲ್ಲಿ ಡಿ ಮರಿಯಾ ಹೊಡೆದ ಗೋಲಿನಿಂದ. ಇಪ್ಪತ್ತೆಂಟು ವರ್ಷ ಇಡೀ ದೇಶ ಗ್ವಾಯಾಕಿಲ್‌ನ ಆ ಎರಡು ಗೋಲನ್ನೇ ನೆನೆಸಿಕೊಂಡು ಕೂತಿತ್ತು.

ಯೋಚಿಸಿ. ದಕ್ಷಿಣ ಅಮೆರಿಕದ ಚಾಂಪಿಯನ್ ತಂಡದ ಒಂಬತ್ತನೇ ನಂಬರು. ವಯಸ್ಸು 24. ಮುಂದಿನ ವರ್ಷ ವಿಶ್ವಕಪ್. ಇಂಥವನು ಎರಡನೇ ದರ್ಜೆಯ ಲೀಗಿನಲ್ಲಿ ಆಡಬೇಕು. ಲೌಡ್ರುಪ್ ಮಿಲಾನ್‌ಗೆ ಹೋದ, ಅವನನ್ನು ದೂರುವಂತಿಲ್ಲ. ಎಫೆನ್‌ಬರ್ಗ್ ಉಳಿದ. ಬಟಿಸ್ಟುಟಾ ಉಳಿದ. ಕ್ಲಾಡಿಯೊ ರಾನಿಯೇರಿ ಕೋಚ್ ಆಗಿ ಬಂದರು, ತಂಡ ಸೀರಿ ಬಿ ಗೆದ್ದು ಒಂದೇ ವರ್ಷಕ್ಕೆ ಮೇಲೆ ಬಂತು. ಬಂದ ಮೊದಲ ಋತುವಿನಲ್ಲೇ, 1994-95ರಲ್ಲಿ, ಮೊದಲ ಹನ್ನೊಂದು ಪಂದ್ಯಗಳಲ್ಲಿ ಒಂದೂ ತಪ್ಪದೆ ಗೋಲು. ಬೊಲೋನ್ಯಾದ ಪಸ್ಕುಟ್ಟಿ ಅರವತ್ತರ ದಶಕದಲ್ಲಿ ಮಾಡಿಟ್ಟಿದ್ದ ದಾಖಲೆ ಮುರಿಯಿತು. ಆ ವರ್ಷ 26 ಗೋಲು, ಇಟಲಿಯಲ್ಲೇ ಅತಿ ಹೆಚ್ಚು. ಅದೂ ಬರೇಸಿ, ಮಾಲ್ದೀನಿಯಂಥ ಡಿಫೆಂಡರ್‌ಗಳ ಕಾಲದಲ್ಲಿ, ಒಂದು ಗೋಲಿಗಾಗಿ ತೊಂಬತ್ತು ನಿಮಿಷ ಗುದ್ದಾಡಬೇಕಿದ್ದ ಲೀಗಿನಲ್ಲಿ.

ಫ್ಲಾರೆನ್ಸಿನ ಜನ ಅವನದೊಂದು ಆಳೆತ್ತರದ ಕಂಚಿನ ಪ್ರತಿಮೆ ಮಾಡಿಸಿದರು. ಆಡುತ್ತಿರುವಾಗಲೇ! ಮೈಕೆಲೆಂಜೆಲೊನ ಡೇವಿಡ್ ನಿಂತಿರುವ ಊರು ಅದು, ಶಿಲ್ಪ ಅಂದರೆ ಏನು ಅಂತ ಗೊತ್ತಿರುವ ಜನ.

ಇನ್ನು ಆಟದ ಬಗ್ಗೆ. 1999ರ ಅಕ್ಟೋಬರ್ 27, ಲಂಡನ್ನಿನ ವೆಂಬ್ಲಿ, ಚಾಂಪಿಯನ್ಸ್ ಲೀಗ್, ಎದುರಾಳಿ ಆರ್ಸೆನಲ್. 0-0. 75ನೇ ನಿಮಿಷ. ಹೈನ್ರಿಕ್ ಚೆಂಡು ತಂದು ಬಲಗಡೆಗೆ ಕೊಡುತ್ತಾನೆ. ಪೆನಾಲ್ಟಿ ಬಾಕ್ಸಿನ ಬಲ ಮೂಲೆಯಲ್ಲಿ ಬಟಿಸ್ಟುಟಾ, ಎದುರಿಗೆ ವಿಂಟರ್‌ಬರ್ನ್. ಅಲ್ಲಿಂದ ನೋಡಿದರೆ ಗೋಲು ಬಾಗಿಲ ಸಂದಿನಷ್ಟೇ ಕಾಣುತ್ತದೆ. ನಮ್ಮಲ್ಲಿ ಯಾರೇ ಆದರೂ ಚೆಂಡನ್ನು ನಡುವಿಗೆ ಹಾಕುತ್ತಿದ್ದೆವು. ಬಟಿಸ್ಟುಟಾ ಚೆಂಡನ್ನು ಇನ್ನೂ ಹೊರಕ್ಕೆ, ಗೆರೆಯ ಕಡೆಗೆ ತಳ್ಳುತ್ತಾನೆ. ಅಂದರೆ ಇದ್ದ ಸಂದನ್ನೂ ಚಿಕ್ಕದು ಮಾಡಿಕೊಳ್ಳುತ್ತಾನೆ. ವಿಂಟರ್‌ಬರ್ನ್‌ನಿಂದ ಅರ್ಧ ಹೆಜ್ಜೆ ಬಿಡುವು ಸಿಕ್ಕಿತು, ಅಷ್ಟು ಸಾಕು. ಎಡಗಾಲು ಊರಿ ಬಲಗಾಲು ಬೀಸಿದ. ಚೆಂಡು ಗೋಲ್‌ಕೀಪರ್ ಸೀಮನ್‌ನ ತಲೆ ಮೇಲಿಂದ ಎದುರು ಮೂಲೆಯ ನೆತ್ತಿಗೆ ಹೋಗಿ ಬಿತ್ತು. 1-0. ಆರ್ಸೆನಲ್ ಟೂರ್ನಿಯಿಂದಲೇ ಹೊರಗೆ.

ಎಲ್ಲರೂ ಆ ಬಲಗಾಲನ್ನು ನೋಡುತ್ತಾರೆ. ನಿಮ್ಮಲ್ಲಿ ಸ್ಟ್ರೈಕರ್ ಆಗಬೇಕು ಅನ್ನುವವರು ನೆಲಕ್ಕೆ ಊರಿದ ಕಾಲನ್ನು ನೋಡಿ. ಓಡಿಬರುವ ಎಂಬತ್ತು ಚಿಲ್ಲರೆ ಕಿಲೋ ಮೈಯನ್ನು ಒಂದು ಕ್ಷಣ ಗಕ್ಕನೆ ನಿಲ್ಲಿಸಿ, ತಿರುವನ್ನೆಲ್ಲ ತಾನು ಹೊತ್ತು, ಹೊಡೆಯುವ ಕಾಲಿಗೆ ಬಲ ದಾಟಿಸುವುದು ಆ ಕಾಲು. ಅದರ ಹರಡು, ಅಂದರೆ ಪಾದ ಮತ್ತು ಕಾಲು ಸೇರುವ ಗಿಣ್ಣು, ಪ್ರತಿ ಹೊಡೆತಕ್ಕೂ ತಿರುಚಿಕೊಳ್ಳುತ್ತದೆ. ಸಾವಿರಾರು ಹೊಡೆತ, ಜೊತೆಗೆ ಹಿಂದಿನಿಂದ ಬೀಳುವ ಏಟು. ಈಗ ಹಿಂದಿನಿಂದ ಕಾಲು ಕತ್ತರಿಸಿದರೆ ಕೆಂಪು ಕಾರ್ಡು ಬರುತ್ತದೆ. ಆಗಿನ ರೆಫರಿಗಳು ಅಷ್ಟು ಕಟ್ಟುನಿಟ್ಟಾಗಿರಲಿಲ್ಲ.

ಫಿಯೊರೆಂಟಿನಾದೊಂದಿಗೆ ಒಂದು ಇಟಾಲಿಯನ್ ಕಪ್, ಒಂದು ಸೂಪರ್ ಕಪ್, ಎರಡೂ 1996ರಲ್ಲಿ. ಬಾರ್ಸಿಲೋನಾದ ಕ್ಯಾಂಪ್ ನೌನಲ್ಲಿ 1997ರಲ್ಲಿ ಗೋಲು ಹೊಡೆದು, ತುಟಿಯ ಮೇಲೆ ಬೆರಳಿಟ್ಟು ಆ ದೊಡ್ಡ ಜನಸಾಗರಕ್ಕೆ ಸುಮ್ಮನಿರಿ ಅಂದದ್ದೂ ಇದೆ. ಲೀಗ್ ಮಾತ್ರ ಕೈಗೆ ಸಿಗಲಿಲ್ಲ. 1998-99ರಲ್ಲಿ ಟ್ರಪಟೋನಿ ಕೋಚ್, ಹಿಂದೆ ರುಯಿ ಕೋಸ್ಟಾ, ಪಕ್ಕದಲ್ಲಿ ಬ್ರೆಜಿಲ್‌ನ ಎಡ್ಮುಂಡೊ. ಅರ್ಧ ಋತು ಮುಗಿದಾಗ ತಂಡ ಮೊದಲ ಸ್ಥಾನದಲ್ಲಿತ್ತು. ಫೆಬ್ರವರಿಯಲ್ಲಿ ಮಿಲಾನ್ ವಿರುದ್ಧ ಆಡುವಾಗ ಬಟಿಸ್ಟುಟಾ ಗಾಯಗೊಂಡು ಬಿದ್ದ. ಅದೇ ಹೊತ್ತಿಗೆ ಎಡ್ಮುಂಡೊ ಕಾರ್ನಿವಲ್‌ಗೆ ಅಂತ ರಿಯೊಗೆ ಹೊರಟುಹೋದ. ತಂಡ ಮೂರನೆಯದಾಗಿ ಮುಗಿಸಿತು. ಆ ಫೆಬ್ರವರಿಯನ್ನು ನೆನೆಸಿಕೊಂಡರೆ ನನಗೆ ಇವತ್ತೂ ಹೊಟ್ಟೆ ಉರಿಯುತ್ತದೆ.

2000ದಲ್ಲಿ, 31ರ ವಯಸ್ಸಿನಲ್ಲಿ, ರೋಮಾ ಕ್ಲಬ್ ಅವನಿಗೆ 70 ಶತಕೋಟಿ ಲೀರಾ ಕೊಟ್ಟಿತು. ಮೂವತ್ತು ದಾಟಿದವನಿಗೆ ಅಷ್ಟು ದುಡ್ಡು ಅದುವರೆಗೆ ಯಾರೂ ಕೊಟ್ಟಿರಲಿಲ್ಲ. ಲೀಗ್ ಗೆಲ್ಲದೆ ನಿವೃತ್ತನಾಗಬಾರದು ಅಂತ ಹೋದ.

ನವೆಂಬರ್ 26, 2000. ರೋಮಿನ ಒಲಿಂಪಿಕೊ ಕ್ರೀಡಾಂಗಣ. ರೋಮಾ ಎದುರಿಗೆ ಫಿಯೊರೆಂಟಿನಾ. ಒಂಬತ್ತು ವರ್ಷ ತೊಟ್ಟ ನೇರಳೆ ಜೆರ್ಸಿ ಈಗ ಎದುರು ನಿಂತಿದೆ, ಗೋಲಿನಲ್ಲಿ ಹಳೆಯ ಗೆಳೆಯ ಟೋಲ್ಡೊ. 83 ನಿಮಿಷ ಗೋಲಿಲ್ಲ. ಆಮೇಲೆ ಬಾಕ್ಸಿನಿಂದ ಸಾಕಷ್ಟು ಹೊರಗೆ ಒಂದು ಚೆಂಡು ಪುಟಿದು ಬಂತು. ಬಟಿಸ್ಟುಟಾ ಅದನ್ನು ನೆಲಕ್ಕೆ ಇಳಿಯಲು ಬಿಡಲಿಲ್ಲ. ಬೀಸಿದ. ಟೋಲ್ಡೊ ಹಾರಿದರೂ ಸಿಗಲಿಲ್ಲ.

ಗೋಲು ಹೊಡೆದರೆ ಮೂಲೆಯ ಬಾವುಟದ ಹತ್ತಿರ ಓಡುವುದು, ಕೈಯಲ್ಲಿ ಮೆಷಿನ್‌ಗನ್ ಹಿಡಿದವನ ಹಾಗೆ ಬೀಸುವುದು ಅವನ ಅಭ್ಯಾಸ. ಆವತ್ತು ಎಲ್ಲೂ ಓಡಲಿಲ್ಲ. ರೋಮಾದ ಆಟಗಾರರು ಬಂದು ಮೈಮೇಲೆ ಬಿದ್ದರು, ಅವನು ಅವರ ನಡುವೆ ಸುಮ್ಮನೆ ನಿಂತ. ಕಣ್ಣು ತುಂಬಿತ್ತು. ಈಗ ಹಳೆಯ ತಂಡದ ಮೇಲೆ ಗೋಲು ಹೊಡೆದರೆ ಕೈ ಎತ್ತಿ ಕ್ಷಮೆ ಕೇಳುವುದು ಒಂದು ರೂಢಿಯಾಗಿದೆ. ಅದನ್ನು ನೋಡಿದಾಗೆಲ್ಲ ನನಗೆ ನೆನಪಾಗುವುದು ಅವತ್ತಿನ ಆ ಮುಖ. ಹೊಟ್ಟೆಪಾಡಿನ ಕೆಲಸ ಅಂದವನು, ಕೆಲಸ ಮಾಡಿ ಮುಗಿಸಿ, ಅಳುತ್ತಿದ್ದ.

2001ರ ಜೂನ್ 17ರಂದು ಪಾರ್ಮಾ ವಿರುದ್ಧ ಗೆದ್ದು ರೋಮಾ ಚಾಂಪಿಯನ್ ಆಯಿತು. ಟೊಟ್ಟಿ ಒಂದು, ಮೊಂಟೆಲ್ಲಾ ಒಂದು, ಬಟಿಸ್ಟುಟಾ ಒಂದು. ಆ ಋತುವಿನ ಲೀಗಿನಲ್ಲಿ ಅವನದು 20 ಗೋಲು. ನೋವು ಮರೆಸುವ ಇಂಜೆಕ್ಷನ್ ಚುಚ್ಚಿಸಿಕೊಂಡು ಆಡುತ್ತಿದ್ದದ್ದು ಗುಟ್ಟೇನೂ ಆಗಿರಲಿಲ್ಲ. ಹತ್ತು ವರ್ಷ ಕಾದ ಕಪ್ಪು ಸಿಕ್ಕಿತು, ಅದರ ಬೆಲೆಯನ್ನು ಕಾಲು ಕಟ್ಟಿತು. ಅಲ್ಲಿಂದ ಮುಂದೆ ಗೋಲುಗಳು ಕಡಿಮೆಯಾಗುತ್ತಾ ಹೋದವು. ರೋಮಾದಿಂದ ಇಂಟರ್, ಅಲ್ಲಿಂದ ಕತಾರಿನ ಅಲ್ ಅರಬಿ. ಆ ಕಾಲಿನಲ್ಲೂ ಕತಾರಿನ ಮೊದಲ ಋತುವಿನಲ್ಲಿ 18 ಪಂದ್ಯಕ್ಕೆ 25 ಗೋಲು!

2002ರ ವಿಶ್ವಕಪ್ ಬೇಗ ಹೇಳಿ ಮುಗಿಸುತ್ತೇನೆ, ಹೇಳಲು ಕಷ್ಟ. ಅರ್ಜೆಂಟೀನಾ ಗೆಲ್ಲುತ್ತದೆ ಅಂತ ಎಲ್ಲರೂ ಹೇಳುತ್ತಿದ್ದರು. ಕೋಚ್ ಯಾರು ಗೊತ್ತೇ? ಬಿಯೆಲ್ಸಾ. ರೊಸಾರಿಯೊದ ಗುರು ಶಿಷ್ಯ ಮತ್ತೆ ಜೊತೆಗೆ. ನೈಜೀರಿಯಾ ವಿರುದ್ಧ ಕಾರ್ನರ್‌ನಿಂದ ಬಂದ ಚೆಂಡಿಗೆ ತಲೆ ಕೊಟ್ಟು ಬಟಿಸ್ಟುಟಾ ಗೆಲ್ಲಿಸಿದ. ವಿಶ್ವಕಪ್‌ನಲ್ಲಿ ಅವನ ಹತ್ತನೇ ಗೋಲು ಅದು, ಕೊನೆಯದೂ ಹೌದು. ಇಂಗ್ಲೆಂಡ್ ವಿರುದ್ಧ ಸೋಲು, ಸ್ವೀಡನ್ ವಿರುದ್ಧ 1-1. ಮೊದಲ ಸುತ್ತಿನಲ್ಲೇ ಮನೆಗೆ. ಸ್ವೀಡನ್ ಪಂದ್ಯದ ಎರಡನೇ ಅರ್ಧದಲ್ಲೇ ಅವನನ್ನು ಹೊರಗೆ ಕರೆದು ಕ್ರೆಸ್ಪೊನನ್ನು ಇಳಿಸಿದ್ದರು. ಪಂದ್ಯ ಮುಗಿದಾಗ ಬೆಂಚಿನಲ್ಲಿ ಅಳುತ್ತಿದ್ದ.

2005ರಲ್ಲಿ ಆಟ ನಿಲ್ಲಿಸಿದ. ನಿಲ್ಲಿಸಿದ ಕೆಲವೇ ದಿನಕ್ಕೆ ನಡೆಯಲಾಗದ ಸ್ಥಿತಿ. ಹರಡಿನ ಮೂಳೆಗಳ ನಡುವೆ ಇರಬೇಕಾದ ಮೆತ್ತನೆಯ ಪದರ, ಕಾರ್ಟಿಲೇಜ್ ಅನ್ನುತ್ತಾರಲ್ಲ, ಅದು ಸವೆದುಹೋಗಿತ್ತು. ಮೂಳೆಯ ಮೇಲೆ ಮೂಳೆ. ರಾತ್ರಿ ಎಚ್ಚರವಾದರೆ ಬಚ್ಚಲು ಮೂರು ಹೆಜ್ಜೆ ದೂರವಿದ್ದರೂ ಎದ್ದು ಹೋಗಲಾಗದೆ ಹಾಸಿಗೆಯಲ್ಲೇ ಮೂತ್ರ ಮಾಡಿಕೊಂಡಿದ್ದೆ ಅಂತ ವರ್ಷಗಳ ನಂತರ ಟಿವಿ ಸಂದರ್ಶನದಲ್ಲಿ ಅವನೇ ಹೇಳಿದ. ಪರಿಚಯದ ಡಾಕ್ಟರ ಹತ್ತಿರ ಹೋಗಿ ಕಾಲು ಕತ್ತರಿಸಿಬಿಡಿ ಅಂದನಂತೆ. ಕೃತಕ ಕಾಲಿನಲ್ಲಿ ಓಡುವ ಓಟಗಾರ ಪಿಸ್ಟೋರಿಯಸ್‌ನನ್ನು ತೋರಿಸಿ, ನನಗೂ ಇದೇ ಪರಿಹಾರ ಅಂದನಂತೆ. ಡಾಕ್ಟರು ಒಪ್ಪಲಿಲ್ಲ. ಬೇರೆ ಶಸ್ತ್ರಚಿಕಿತ್ಸೆಗಳಾದವು, ನೋವು ತಗ್ಗಿತು, ಕುದುರೆ ಹತ್ತಿ ಪೋಲೊ ಕೂಡ ಆಡಿದ. 2019ರಲ್ಲಿ ಸ್ವಿಟ್ಜರ್‌ಲೆಂಡಿನ ಬಾಸೆಲ್‌ನಲ್ಲಿ ಹರಡಿಗೆ ಕೃತಕ ಕೀಲು ಕೂರಿಸಿದರು.

ಇದನ್ನು ನಿಮ್ಮನ್ನು ಹೆದರಿಸಲು ಹೇಳುತ್ತಿಲ್ಲ. ಇಲ್ಲಿ ಕೂತಿರುವ ಇಬ್ಬರು ಕಾಲಿಗೆ ಕ್ರೇಪ್ ಬ್ಯಾಂಡೇಜ್ ಸುತ್ತಿಕೊಂಡೇ ಬಂದಿದ್ದೀರಿ, ಭಾನುವಾರ ಮ್ಯಾಚ್ ಇದೆ ಅಂತಲೂ ಹೇಳಿದಿರಿ. ನೋವು ಇದ್ದರೆ ಕೋಚಿಗೆ ಹೇಳಿ, ಬಚ್ಚಿಡಬೇಡಿ. ಬಟಿಸ್ಟುಟಾನನ್ನು ನಾನು ಇಷ್ಟು ಮೆಚ್ಚುತ್ತೇನೆ, ಆದರೂ ಈ ಒಂದು ವಿಷಯದಲ್ಲಿ ಅವನ ಹಾಗೆ ಮಾಡಬೇಡಿ.

ಈಗ ಮೂರನೇ ಜೂನ್ 21. 2016, ಅಮೆರಿಕದ ಹ್ಯೂಸ್ಟನ್. ಕೋಪಾ ಅಮೆರಿಕ ಸೆಮಿಫೈನಲ್. ಮೆಸ್ಸಿ ಒಂದು ಫ್ರೀಕಿಕ್ ತೆಗೆದುಕೊಂಡ, ಚೆಂಡು ಗೋಲಿನ ಮೇಲ್ಮೂಲೆಗೆ ಹೋಯಿತು. ಅರ್ಜೆಂಟೀನಾ ಪರ ಅದು ಅವನ 55ನೇ ಗೋಲು. ಬಟಿಸ್ಟುಟಾನದು 54, ಅದೂ ಎಂಬತ್ತಕ್ಕಿಂತ ಕಡಿಮೆ ಪಂದ್ಯಗಳಲ್ಲಿ. ದಾಖಲೆ ಕೈಬಿಟ್ಟದ್ದಕ್ಕೆ ಬೇಸರವಾಯಿತು ಅಂತ ಅವನು ಮುಚ್ಚುಮರೆಯಿಲ್ಲದೆ ಒಪ್ಪಿಕೊಂಡ. ಬೇರೆ ಲೋಕದಿಂದ ಬಂದವನ ನಂತರ ಎರಡನೆಯವನು ಅನ್ನುವ ಸಮಾಧಾನ ಇದೆ ಎಂದೂ ಹೇಳಿದ. ಮೊದಲ ಜೂನ್ 21ರಂದು ಮರಡೋನಾ, ಕೊನೆಯದರಂದು ಮೆಸ್ಸಿ, ಇಬ್ಬರ ನಡುವೆ ಇವನು. 2022ರಲ್ಲಿ ಕತಾರಿನಲ್ಲಿ ವಿಶ್ವಕಪ್‌ನ ಹತ್ತು ಗೋಲಿನ ಲೆಕ್ಕವನ್ನೂ ಮೆಸ್ಸಿ ದಾಟಿದ. ಎರಡು ವಿಶ್ವಕಪ್‌ಗಳ ಎರಡು ಹ್ಯಾಟ್ರಿಕ್ ಹಾಗೇ ಉಳಿಯಿತು.

ಮಾತು ಮುಗಿದ ಮೇಲೆ ಮುಂದಿನ ಸಾಲಿನ ಒಬ್ಬ ಹುಡುಗಿ "ಸರ್, ಆ ವೆಂಬ್ಲಿ ಗೋಲು ತೋರಿಸಿ" ಅಂದಳು. ಲ್ಯಾಪ್‌ಟಾಪನ್ನು ಪ್ರೊಜೆಕ್ಟರಿಗೆ ಸಿಕ್ಕಿಸಿ ಹಾಕಿದೆವು. ಮೊದಲ ಸಲ ಎಲ್ಲರೂ ಚೆಂಡನ್ನು ನೋಡಿ ಕೂಗಿದರು. ಎರಡನೇ ಸಲ ನಿಧಾನಗತಿಯಲ್ಲಿ ಹಾಕಲು ಹೇಳಿದಳು. ಮೂರನೇ ಸಲ ಹೊಡೆಯುವ ಮುಂಚೆಯೇ ನಿಲ್ಲಿಸಲು ಹೇಳಿ, ಎದ್ದು ಪರದೆಯ ಹತ್ತಿರ ಹೋಗಿ, ಹುಲ್ಲಿಗೆ ಊರಿದ ಆ ಎಡಗಾಲಿನ ಹರಡಿನ ಮೇಲೆ ಬೆರಳಿಟ್ಟು ತೋರಿಸಿದಳು. ಕಾಲು ಹೊರಮಗ್ಗುಲಿಗೆ ಪೂರ್ತಿ ಮಡಚಿಕೊಂಡಿತ್ತು. ಚೆಂಡು ಇನ್ನೂ ಅಲ್ಲೇ ಇತ್ತು.